ಬಾಡಿಗೆ ದುಡ್ಡಲ್ಲೇ ಇಎಂಐ ಹೋಗುತ್ತಾ? 20×30ರ ಕಟ್ಟಡ ತಗೊಳ್ಳೋದಾ, ಬೇಡ್ವಾ?

ಅರಸೀಕೆರೆ ತೆಂಗು

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಯೋಚನೆ, ರಾತ್ರಿ ನಿದ್ದೆ ಬರುತ್ತಿಲ್ಲ. ಬಾಡಿಗೆ ಮನೆಗಳನ್ನು ಇಟ್ಟುಕೊಂಡು ಅನುಭವ ಇರುವವರು ದಯವಿಟ್ಟು ದಾರಿ ಹೇಳಿ.

ನಾನು ಪೀಣ್ಯದಲ್ಲಿ ಒಂದು ಮಷೀನ್ ಶಾಪ್‌ನಲ್ಲಿ ಸೂಪರ್‌ವೈಸರ್. ಹೆಂಡತಿ ಸ್ಟಾಫ್ ನರ್ಸ್. ಇಬ್ಬರದೂ ಸೇರಿ ಕೈಗೆ ಬರುವುದು ತಿಂಗಳಿಗೆ 1 ಲಕ್ಷ. ಬೆಂಗಳೂರಿಗೆ ಬಂದು 17 ವರ್ಷ ಆಯಿತು. ಅಷ್ಟೂ ವರ್ಷ ಬಾಡಿಗೆ ಮನೆಯೇ. ಐದು ಮನೆ ಬದಲಾಯಿಸಿದ್ದೇವೆ. ಹೋದ ವರ್ಷ ಊರಿನಲ್ಲಿ ಪಾಲಾಯಿತು. ನನ್ನ ಪಾಲಿನ ತೆಂಗಿನ ತೋಟವನ್ನು ಅಣ್ಣನೇ ಇಟ್ಟುಕೊಂಡು ದುಡ್ಡು ಕೊಟ್ಟ. ಅದೂ, ನಮ್ಮ ಉಳಿತಾಯವೂ ಸೇರಿ 50 ಲಕ್ಷ ಇದೆ.

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿ ಒಳಗೆ ಒಂದು ಕಟ್ಟಡ ನೋಡಿದ್ದೇವೆ. 20×30 ಸೈಟು. ಕಟ್ಟಿ 12 ವರ್ಷ ಆಗಿದೆಯಂತೆ. ನೆಲಮಹಡಿಯಲ್ಲಿ ಸಿಂಗಲ್ ಬೆಡ್‌ರೂಮ್ ಮನೆ. ಮೊದಲನೇ ಮಹಡಿ ಡಬಲ್ ಬೆಡ್‌ರೂಮ್, ಬಾಡಿಗೆ 14,500. ಎರಡನೇ ಮಹಡಿ ಸಿಂಗಲ್ ಬೆಡ್‌ರೂಮ್, 10,500. ಟೆರೇಸಿನಲ್ಲಿ ಶೀಟ್ ಹಾಕಿದ ಒಂದು ರೂಮು, 5,500. ನೆಲಮಹಡಿಯವರು ಮಾತ್ರ ಭೋಗ್ಯಕ್ಕೆ ಇದ್ದಾರೆ, 8 ಲಕ್ಷಕ್ಕೆ, 2027ರವರೆಗೆ. ಅವರು ಬಿಟ್ಟರೆ ಆ ಮನೆಗೂ 11,000 ಬರುತ್ತದೆ, ಒಟ್ಟು 41,500 ಆಗುತ್ತದೆ, ಬಾಡಿಗೆಯಲ್ಲೇ ಇಎಂಐ ಹೋಗುತ್ತದೆ ಅಂತ ಬ್ರೋಕರ್ ಹೇಳುತ್ತಿದ್ದಾರೆ.

ಓನರ್ ಕೇಳುತ್ತಿರುವುದು 1 ಕೋಟಿ 15 ಲಕ್ಷ. 70 ಲಕ್ಷ ಸಾಲ ಮಾಡಬೇಕು ಅಂತ ಲೆಕ್ಕ ಹಾಕಿದ್ದೇನೆ. ನಾವು ಅಲ್ಲಿಗೆ ಹೋಗಿ ಇರುವುದಿಲ್ಲ. ಮಗಳ ಸ್ಕೂಲು ಈ ಕಡೆ ಇದೆ. ಈಗಿರುವ 15,000 ಬಾಡಿಗೆ ಮನೆಯಲ್ಲೇ ಇರುತ್ತೇವೆ.

ನನ್ನ ಆಸೆ ಇಷ್ಟೇ. ನನಗೆ 58 ಆಗುವ ಹೊತ್ತಿಗೆ ಸಾಲ ತೀರಬೇಕು, ತಿಂಗಳು ತಿಂಗಳು ಬಾಡಿಗೆ ಬರಬೇಕು. ಮಗಳ ಹತ್ತಿರ ಕೈ ಚಾಚಬಾರದು. ಈ ಮನೆ ತಗೊಂಡರೆ ಅದು ಆಗುತ್ತಾ? ಟೋಕನ್ ಅಡ್ವಾನ್ಸ್ 2 ಲಕ್ಷ ಕೊಡಿ ಅಂತ ದಿನಕ್ಕೆ ಎರಡು ಸಲ ಫೋನ್ ಬರುತ್ತಿದೆ. ಇನ್ನೂ ಕೊಟ್ಟಿಲ್ಲ.

---

ಲೆಕ್ಕದ ಪುಸ್ತಕ

ಟೋಕನ್ ಕೊಟ್ಟಿಲ್ಲದ್ದು ಒಳ್ಳೆಯದಾಯಿತು. ನಾನು ಮೈಸೂರಿನಲ್ಲಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮನೆಯ ವಿಚಾರ ಬೇರೆಯವರು ಹೇಳಲಿ, ನಾನು ಅಂಕಿಗಳನ್ನಷ್ಟೇ ಹೇಳುತ್ತೇನೆ.

70 ಲಕ್ಷ ಸಾಲ, 20 ವರ್ಷ, ಬಡ್ಡಿ 8.5 ಅಂತ ಇಟ್ಟುಕೊಂಡರೆ ಇಎಂಐ ಸುಮಾರು 60,750. ನಿಮಗೆ ಇವತ್ತು ನಿಜವಾಗಿ ಬರುವ ಬಾಡಿಗೆ 30,500. ಅಂದರೆ ತಿಂಗಳಿಗೆ 30,250 ನಿಮ್ಮ ಸಂಬಳದಿಂದ ಹೋಗಬೇಕು. ಬ್ರೋಕರ್ ಹೇಳಿದ 41,500 ಬಂದರೂ 19,250 ಕಡಿಮೆಯೇ. ಬಾಡಿಗೆಯಲ್ಲೇ ಇಎಂಐ ಹೋಗುತ್ತದೆ ಅನ್ನುವ ಮಾತು ಯಾವ ಲೆಕ್ಕದಲ್ಲೂ ನಿಲ್ಲುವುದಿಲ್ಲ.

ವರ್ಷದ ಬಾಡಿಗೆ 3,66,000. ಮನೆ ಬೆಲೆಗೆ ಹೋಲಿಸಿದರೆ ನೂರಕ್ಕೆ ಮೂರು ಚಿಲ್ಲರೆ. ನೀವು ಬ್ಯಾಂಕಿಗೆ ಕಟ್ಟುವುದು ಎಂಟೂವರೆ. ಈ ವ್ಯತ್ಯಾಸವನ್ನು ಜಾಗದ ಬೆಲೆ ಏರಿ ತುಂಬಿಕೊಡಬೇಕು. ತುಂಬಬಹುದು. ಆದರೆ ಅದಕ್ಕಾಗಿ ಕಾಯುವಷ್ಟು ದಿನ ಕೈಯಿಂದ ಹಾಕುತ್ತಾ ಹೋಗುವ ಶಕ್ತಿ ನಿಮಗೆ ಇರಬೇಕು.

ಇನ್ನೊಂದು ಮರೆತಿದ್ದೀರಿ. ರಿಜಿಸ್ಟ್ರೇಷನ್. ಸ್ಟಾಂಪ್ ಡ್ಯೂಟಿ ನೂರಕ್ಕೆ 5, ಅದರ ಮೇಲಿನ ಸೆಸ್ಸು ಸರ್‌ಚಾರ್ಜು ಸೇರಿ 5.6. ನೋಂದಣಿ ಶುಲ್ಕ ಮೊದಲು 1 ಇತ್ತು, 2025ರ ಆಗಸ್ಟ್ 31ರಿಂದ 2 ಆಗಿದೆ. ಒಟ್ಟು 7.6. ನಿಮ್ಮ ಬೆಲೆಗೆ 8 ಲಕ್ಷ 74 ಸಾವಿರ. 50 ಲಕ್ಷದಲ್ಲಿ 45 ಮನೆಗೆ ಹೋದರೆ ಉಳಿಯುವುದು 5 ಲಕ್ಷ. ಬ್ರೋಕರ್ ಕಮಿಷನ್ ಬೇರೆ. ಆಗಲೇ ಸಾಲದು ಅಲ್ವಾ?

ಇನ್‌ಕಮ್ ಟ್ಯಾಕ್ಸ್ ಬಗ್ಗೆ. ಬಾಡಿಗೆಯಲ್ಲಿ ನೀವು ಕಟ್ಟಿದ ಮನೆ ತೆರಿಗೆ ಕಳೆಯಿರಿ. ಉಳಿದದ್ದರಲ್ಲಿ ನೂರಕ್ಕೆ 30 ಭಾಗ ರಿಪೇರಿ ಗಿಪೇರಿಗೆ ಅಂತ ಕಾನೂನೇ ಬಿಡುತ್ತದೆ. ನೀವು ಅದಕ್ಕಿಂತ ಜಾಸ್ತಿ ಖರ್ಚು ಮಾಡಿದ್ದರೂ ಬಿಡುವುದು ಅಷ್ಟೇ. ಏನೂ ಖರ್ಚು ಮಾಡದಿದ್ದರೂ ಅಷ್ಟೇ. ಆಮೇಲೆ ಸಾಲದ ಬಡ್ಡಿ ಕಳೆಯಬಹುದು. ಮನೆ ತೆರಿಗೆ 8,000 ಅಂತ ಇಟ್ಟರೆ ನಿಮಗೆ ಉಳಿಯುವುದು ಎರಡೂವರೆ ಲಕ್ಷ, ಮೊದಲ ವರ್ಷದ ಬಡ್ಡಿ ಸುಮಾರು 5.9 ಲಕ್ಷ. ನಷ್ಟ ಬರುತ್ತದೆ. ಹಳೇ ಪದ್ಧತಿಯಲ್ಲಿ ರಿಟರ್ನ್ ಹಾಕಿದರೆ ಆ ನಷ್ಟದಲ್ಲಿ 2 ಲಕ್ಷದವರೆಗೆ ಸಂಬಳದಿಂದ ಕಳೆಯಬಹುದು, ಮಿಕ್ಕಿದ್ದನ್ನು 8 ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು. ಹೊಸ ಪದ್ಧತಿಯಲ್ಲಿ ಸಂಬಳದಿಂದ ಒಂದು ರೂಪಾಯಿಯೂ ಕಳೆಯಲು ಬಿಡುವುದಿಲ್ಲ. ಟ್ಯಾಕ್ಸ್ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನೀವು ಯಾವ ಪದ್ಧತಿಯಲ್ಲಿದ್ದೀರಿ ಅಂತ ಮೊದಲು ನೋಡಿಕೊಳ್ಳಿ.

ಕೊನೆಗೆ, ಓನರ್ ಹತ್ತಿರ ಹಳೇ ಮನೆ ತೆರಿಗೆ ರಸೀದಿ ಕೇಳಿ. ಬೆಂಗಳೂರಿನಲ್ಲಿ ಓನರೇ ವಾಸ ಇರುವ ಮನೆಗೆ ಒಂದು ದರ, ಬಾಡಿಗೆಗೆ ಕೊಟ್ಟ ಮನೆಗೆ ಅದರ ಎರಡರಷ್ಟು. ನಾಲ್ಕು ಮನೆ ಬಾಡಿಗೆಗೆ ಕೊಟ್ಟು ಎಲ್ಲಾ ಸ್ವಂತ ವಾಸ ಅಂತ ತೋರಿಸಿ ಕಟ್ಟಿದವರು ತುಂಬಾ ಜನ. ಆ ಬಾಕಿ ಮತ್ತು ದಂಡ ಮನೆಯ ಜೊತೆಗೇ ನಿಮಗೆ ಬರುತ್ತದೆ.

---

ಲಗ್ಗೆರೆ ಮೂರ್ಮನೆ

ತಮ್ಮಾ, ನಿನ್ನ ಮಾತು ಓದಿ ನನ್ನದೇ ಕಥೆ ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತದೆ, ಓದು.

ನನಗೆ 61 ವರ್ಷ. ಟೈಲರಿಂಗ್ ಮಾಡಿ ಬದುಕಿದವಳು. ನಮ್ಮ ಯಜಮಾನರು ಫ್ಯಾಕ್ಟರಿಯಲ್ಲಿದ್ದರು. 2003ರಲ್ಲಿ ವಿಆರ್‌ಎಸ್ ತಗೊಂಡು ಬಂದ ದುಡ್ಡಿನಲ್ಲಿ ಲಗ್ಗೆರೆಯಲ್ಲಿ ಇದ್ದ ಸೈಟಿನ ಮೇಲೆ ಕಟ್ಟಿದೆವು. ಕೆಳಗೆ ನಾವು, ಮೇಲೆ ಮೂರು ಮನೆ ಬಾಡಿಗೆಗೆ. 2014ರಲ್ಲಿ ಅವರು ಹೋದರು. ಅಲ್ಲಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಬಾಡಿಗೆ ಬರೆದಿಡುವ ನೋಟ್‌ಬುಕ್ಕು ಈಗ ಏಳನೆಯದು.

ಮೊದಲು ನಿನ್ನ ಆ ಭೋಗ್ಯದ ಮನೆ ವಿಷಯ. ಅದನ್ನು ನೀನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀಯ. ಅಲ್ಲೇ ನಿಲ್ಲಬೇಕು. ಭೋಗ್ಯದವರು 8 ಲಕ್ಷ ಕೊಟ್ಟು ಬಾಡಿಗೆ ಇಲ್ಲದೆ ಕೂತಿದ್ದಾರೆ. ಅವಧಿ ಮುಗಿದಾಗ ಅಷ್ಟೂ ದುಡ್ಡು ಅವರ ಕೈಗೆ ಇಟ್ಟರೆ ಮಾತ್ರ ಅವರು ಎದ್ದು ಹೋಗುತ್ತಾರೆ. ಆ 8 ಲಕ್ಷ ಈಗಿನ ಓನರ್ ತಿಂದಾಗಿದೆ. 2027ರಲ್ಲಿ ಅವರು ಯಾರ ಬಾಗಿಲು ತಟ್ಟುತ್ತಾರೆ? ನಿನ್ನದು. ಉಳಿದ ಮೂರು ಮನೆಯವರು ಕೊಟ್ಟ ಅಡ್ವಾನ್ಸೂ ಹಾಗೇ. ಅವರು ಮನೆ ಬಿಡುವಾಗ ಮನೆ ಯಾರದ್ದೋ ಅವರನ್ನೇ ಕೇಳುತ್ತಾರೆ. ಹಳೇ ಓನರ್ ಫೋನ್ ಎತ್ತುವುದಿಲ್ಲ. ಆ ಕಟ್ಟಡದ ಮೇಲೆ ಕಣ್ಣಿಗೆ ಕಾಣದ ಸಾಲ ಆಗಲೇ ಕೂತಿದೆ ತಮ್ಮಾ. ಬೆಲೆಯಲ್ಲಿ ಅದನ್ನು ಕಳೆಯಲೇಬೇಕು.

ಇಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತೇನೆ ಅಂದರೆ, ಅಡ್ವಾನ್ಸ್ ದುಡ್ಡಿನಲ್ಲಿ ನಾನೇ ಒಂದು ದೊಡ್ಡ ತಪ್ಪು ಮಾಡಿದ್ದೇನೆ.

2018ರಲ್ಲಿ ಮಗಳ ಮದುವೆ ಮಾಡಿದೆ. ಮನೆಗಳ ಅಡ್ವಾನ್ಸ್ ದುಡ್ಡು ಬ್ಯಾಂಕಿನಲ್ಲಿತ್ತು. ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ, ಅವರ ದುಡ್ಡನ್ನು ಇವರಿಗೆ ಕೊಟ್ಟರಾಯಿತು ಅಂದುಕೊಂಡು ತೆಗೆದು ಖರ್ಚು ಮಾಡಿದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. 2020ರಲ್ಲಿ ಕೊರೋನಾ ಬಂತು. ಜೂನ್ ತಿಂಗಳಲ್ಲಿ ಎರಡನೇ ಮಹಡಿಯವರು ಮನೆ ಬಿಡುತ್ತೇವೆ ಅಂದರು. ಅವನು ಕ್ಯಾಬ್ ಓಡಿಸುತ್ತಿದ್ದ. ಕುಣಿಗಲ್ ಕಡೆಯವನು. ಮೂರು ತಿಂಗಳಿಂದ ಗಾಡಿ ನಿಂತಿತ್ತು. ಅವನ ಅಡ್ವಾನ್ಸು 80,000. ಅದೇ ವಾರ ಮೇಲಿನ ಮನೆಯ ಗಾರ್ಮೆಂಟ್ಸ್ ಗಂಡ ಹೆಂಡತಿಯೂ ಹೊರಟರು. ಅವರದ್ದು 60,000. ಹೊಸದಾಗಿ ಬರುವವರು ಯಾರೂ ಇಲ್ಲ. ಬೀದಿ ಬೀದಿಯಲ್ಲಿ ಟು-ಲೆಟ್ ಬೋರ್ಡು.

ಬೆಳಿಗ್ಗೆ ಎಂಟಕ್ಕೆ ಟಾಟಾ ಏಸ್ ಬಂತು. ಹನ್ನೊಂದಕ್ಕೆಲ್ಲಾ ಸಾಮಾನು ಏರಿಸಿ ಮುಗಿಸಿದರು. ಫ್ರಿಜ್ಜು, ಬೀರು, ಹೊಲಿಗೆ ಹಾಕಿದ ಗೋಣಿಚೀಲದಲ್ಲಿ ಪಾತ್ರೆ. ಅವನು ಗೇಟಿನ ಹತ್ತಿರ ಬಂದು ನಿಂತ. ಜೋರು ಮಾಡಲಿಲ್ಲ. "ಆಂಟಿ, ಊರಲ್ಲಿ ಮನೆ ಸೋರುತ್ತೆ. ಈ ದುಡ್ಡಲ್ಲೇ ಶೀಟ್ ಹಾಕಿಸಬೇಕು" ಅಂದ. ನಾನು ಒಂದು ಗಂಟೆ ಇರಪ್ಪಾ ಅಂದು ಬಳೆ ಬಿಚ್ಚಿ ಪರ್ಸಿಗೆ ಹಾಕಿಕೊಂಡು ಬ್ಯಾಂಕಿಗೆ ಹೋದೆ. ಬ್ಯಾಂಕಿನ ಹೊರಗೆ ನೆಲದ ಮೇಲೆ ಬಿಳಿ ವೃತ್ತ ಬರೆದಿದ್ದರು. ಒಂದು ವೃತ್ತಕ್ಕೆ ಒಬ್ಬರು. ಒಳಗೆ ಹೋಗುವಾಗ ಎರಡು ಗಂಟೆ. ಚಿನ್ನ ತೂಕ ಮಾಡುವವರು ಊಟಕ್ಕೆ ಹೋಗಿದ್ದರು. ದುಡ್ಡು ಕೈಗೆ ಬಂದಾಗ ನಾಲ್ಕು ದಾಟಿತ್ತು.

ವಾಪಸ್ ಬಂದು ನೋಡುತ್ತೇನೆ, ಅವನ ಮಗಳು, ಐದಾರು ವರ್ಷದ್ದು, ಸುತ್ತಿಟ್ಟ ಹಾಸಿಗೆ ಮೇಲೆ ಗೇಟಿನ ನೆರಳಿನಲ್ಲಿ ಮಲಗಿಬಿಟ್ಟಿತ್ತು. ಬೆಳಿಗ್ಗೆಯಿಂದ ಊಟ ಇಲ್ಲ, ಪಕ್ಕದ ಮನೆಯವರು ಚಿತ್ರಾನ್ನ ಕೊಟ್ಟಿದ್ದರಂತೆ. ತಟ್ಟೆ ಅಲ್ಲೇ ಇತ್ತು. ಟಾಟಾ ಏಸಿನವನು ಕಾದದ್ದಕ್ಕೆ 600 ಜಾಸ್ತಿ ಕೇಳಿದ. ಅದನ್ನೂ ನಾನೇ ಕೊಟ್ಟೆ. ಕೊಡಬೇಕಾದದ್ದೇ. ಆ ಕುಟುಂಬದ ದುಡ್ಡನ್ನು ನನ್ನ ದುಡ್ಡು ಅಂದುಕೊಂಡದ್ದಕ್ಕೆ ಅವರು ಇಡೀ ದಿನ ಬೀದಿಯಲ್ಲಿ ಕೂತರು.

ಅವತ್ತಿನಿಂದ ಒಬ್ಬೊಬ್ಬರ ಅಡ್ವಾನ್ಸನ್ನೂ ಬೇರೆ ಬೇರೆ ಎಫ್‌ಡಿ ಮಾಡಿ ಇಡುತ್ತೇನೆ. ಮನೆ ನಂಬರನ್ನು ಎಫ್‌ಡಿ ರಸೀದಿ ಮೇಲೆ ಪೆನ್ಸಿಲಿನಲ್ಲಿ ಬರೆದಿರುತ್ತೇನೆ. ಬಡ್ಡಿ ನನಗೆ, ಅಸಲು ಅವರಿಗೆ. ಹತ್ತು ತಿಂಗಳ ಅಡ್ವಾನ್ಸ್ ಕೇಳುವುದನ್ನೂ ಬಿಟ್ಟೆ. ಈಗ ನಾಲ್ಕು ತಿಂಗಳದ್ದು ತಗೊಳ್ಳುತ್ತೇನೆ. ಇಡೀ ದೇಶಕ್ಕೆ ಮಾದರಿ ಅಂತ ಕೇಂದ್ರದವರು 2021ರಲ್ಲಿ ಮಾಡಿದ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ತಗೋಬಾರದು ಅಂತ ಇದೆ. ರಾಜ್ಯಗಳು ಒಪ್ಪಿಕೊಂಡರೆ ಮಾತ್ರ ಅದು ನಡೆಯುತ್ತದೆ. ಆದರೂ ಆ ದಿಕ್ಕಿನಲ್ಲೇ ಹೋಗುವುದು ಸರಿ ಅಂತ ನನಗೆ ಅನ್ನಿಸುತ್ತದೆ. ಕಡಿಮೆ ಅಡ್ವಾನ್ಸ್ ಕೇಳಿದರೆ ಒಳ್ಳೆಯವರು ಬೇಗ ಸಿಗುತ್ತಾರೆ, ಮನೆ ಖಾಲಿ ಬೀಳುವುದಿಲ್ಲ.

ಇನ್ನು ನೀರು. ಬಾಡಿಗೆ ಮನೆ ನಡೆಸುವುದು ಅಂದರೆ ಅರ್ಧ ಕೆಲಸ ನೀರಿನದ್ದೇ. ನಮಗೆ ಕಾವೇರಿ ದಿನ ಬಿಟ್ಟು ದಿನ ಬರುತ್ತದೆ. ಒಂದೇ ಮೀಟರು, ನಾಲ್ಕು ಮನೆ. ನೀರಿನ ಬಿಲ್ಲು ಬಳಸಿದಷ್ಟೂ ದರ ಏರುವ ಹಾಗೆ ಮಾಡಿದ್ದಾರೆ. ನಾಲ್ಕು ಮನೆಯದು ಒಂದೇ ಮೀಟರಿನಲ್ಲಿ ಓಡಿದರೆ ಬೇಗ ಮೇಲಿನ ದರಕ್ಕೆ ಹೋಗಿಬಿಡುತ್ತದೆ. 2024ರ ಮಾರ್ಚ್‌ನಲ್ಲಿ ನಮ್ಮ ಬೋರ್‌ವೆಲ್ ಬತ್ತಿತು. ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳುತ್ತಿದ್ದರು. ಆಮೇಲೆ ಜಿಲ್ಲಾಡಳಿತ 6,000 ಲೀಟರಿಗೆ 5 ಕಿಲೋಮೀಟರ್ ಒಳಗೆ 600 ರೂಪಾಯಿ ಅಂತ ದರ ಕಟ್ಟಿತು. ಆ ದರಕ್ಕೆ ಬರುತ್ತೀರಾ ಅಂತ ಕೇಳಿದರೆ ನಾಳೆ, ನಾಡಿದ್ದು ಅನ್ನುತ್ತಿದ್ದರು. ಟ್ಯಾಂಕರ್ ದುಡ್ಡು ಯಾರು ಕೊಡಬೇಕು ಅಂತ ನಮ್ಮ ಅಗ್ರಿಮೆಂಟಿನಲ್ಲಿ ಬರೆದಿರಲಿಲ್ಲ. ಒಳ್ಳೆಯ ಜನರ ಮಧ್ಯೆಯೇ ಮನಸ್ತಾಪ ಆಯಿತು. ಈಗ ಸ್ಪಷ್ಟವಾಗಿ ಬರೆಸಿದ್ದೇನೆ: ಟ್ಯಾಂಕರ್ ತರಿಸಿದರೆ ಅರ್ಧ ಓನರ್, ಉಳಿದರ್ಧ ಮೂರು ಮನೆಗೆ ಸಮ.

ಕರೆಂಟ್ ಮೀಟರು ಪ್ರತಿ ಮನೆಗೂ ಬೇರೆ ಬೇರೆ ಇದೆಯಾ ನೋಡು. ಗೃಹಜ್ಯೋತಿ ಬಂದ ಮೇಲೆ ಅದನ್ನು ಕೇಳದೆ ಯಾರೂ ಮನೆಗೆ ಬರುವುದಿಲ್ಲ. ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಅವರ ಆಧಾರ್ ನಿನ್ನ ಮೀಟರಿನ ಆರ್‌ಆರ್ ನಂಬರಿಗೆ ಸೇರಿಕೊಳ್ಳುತ್ತದೆ. ಹೋಗುವಾಗ ಅವರು ಡಿ-ಲಿಂಕ್ ಮಾಡಿಸಿ ಹೋಗಬೇಕು. ನನ್ನ ಮನೆಯಲ್ಲಿ ಒಬ್ಬರು ಮಾಡಿಸದೆ ಹೋದರು. ಹೊಸದಾಗಿ ಬಂದವರಿಗೆ ಎರಡು ತಿಂಗಳು ಸೊನ್ನೆ ಬಿಲ್ಲು ಬರಲಿಲ್ಲ, ನನ್ನ ಮೇಲೆ ಬೇಜಾರು. ಈಗ ಡಿ-ಲಿಂಕ್ ಆದ ಮೆಸೇಜ್ ತೋರಿಸಿದ ಮೇಲೇ ಅಡ್ವಾನ್ಸ್ ಕೊಡುತ್ತೇನೆ.

ಟೆರೇಸಿನ ಶೀಟ್ ರೂಮಿಗೆ ಬೇರೆ ಮೀಟರ್ ಇರುವುದು ಅನುಮಾನ. ಇಲ್ಲದಿದ್ದರೆ ಹೊಸದು ಹಾಕಿಸುತ್ತೇನೆ ಅಂತ ಸುಲಭವಾಗಿ ಅಂದುಕೊಳ್ಳಬೇಡ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಓಸಿ, ಅಂದರೆ ಕಟ್ಟಡ ವಾಸಕ್ಕೆ ಯೋಗ್ಯ ಅಂತ ಕೊಡುವ ಪತ್ರ, ಇಲ್ಲದ ಕಟ್ಟಡಗಳಿಗೆ ಹೊಸ ಕನೆಕ್ಷನ್ ಕೊಡುವುದಕ್ಕೆ ತಕರಾರು ಶುರುವಾಗಿ ನಮ್ಮ ಬೀದಿಯಲ್ಲೇ ಎರಡು ಮನೆಯವರು ತಿಂಗಳುಗಟ್ಟಲೆ ಅಲೆದರು.

ಇನ್ನು ಜನರ ವಿಷಯ. ಯಾವ ಜಾತಿ, ಏನು ಊಟ ಅಂತ ಕೇಳಬೇಡ. ಲಗ್ಗೆರೆಯಲ್ಲಿ ಇದನ್ನು ಕೇಳಿ ಕೇಳಿ ಆರು ತಿಂಗಳು ಮನೆ ಖಾಲಿ ಇಟ್ಟುಕೊಂಡವರನ್ನು ನೋಡಿದ್ದೇನೆ. ಅದಕ್ಕಿಂತ ಮುಖ್ಯ, ಹಾಗೆ ಕೇಳುವುದು ತಪ್ಪು. ನೀನೂ 17 ವರ್ಷ ಮನೆ ಹುಡುಕಿದ್ದೀಯ, ಆ ಪ್ರಶ್ನೆ ಹೇಗಿರುತ್ತದೆ ಅಂತ ಗೊತ್ತು. ಎಲ್ಲಿ ದುಡಿಯುತ್ತೀರಿ, ಎಷ್ಟು ಜನ ಇರುತ್ತೀರಿ, ಮುಂಚೆ ಇದ್ದ ಮನೆ ಯಾಕೆ ಬಿಟ್ಟಿರಿ, ಇಷ್ಟು ಕೇಳಿದರೆ ಸಾಕು.

ಆಸೆ ತಪ್ಪಲ್ಲ ತಮ್ಮಾ. ಯಜಮಾನರು ಹೋದ ಮೇಲೆ ನಾನು ಯಾರ ಮನೆಯ ಬಾಗಿಲಿಗೂ ಹೋಗದೆ ಬದುಕಿದ್ದು ಈ ಮೂರು ಮನೆಯಿಂದ. ಆದರೆ ನಮಗೆ ಸಾಲ ಇರಲಿಲ್ಲ. ಮತ್ತೆ ನಾನು ಅದೇ ಕಟ್ಟಡದಲ್ಲಿ ಇರುತ್ತೇನೆ. ಮೋಟಾರ್ ಸದ್ದು ಬದಲಾದರೆ ಮಲಗಿದಲ್ಲೇ ಗೊತ್ತಾಗುತ್ತದೆ.

ಒಂದು ಕೆಲಸ ಮಾಡು. ಬ್ರೋಕರನ್ನು ಬಿಟ್ಟು ನೀನೊಬ್ಬನೇ ಅಲ್ಲಿಗೆ ಹೋಗು. ಬಾಡಿಗೆದಾರರನ್ನು ಮಾತಾಡಿಸು. ಒಬ್ಬೊಬ್ಬರೂ ಎಷ್ಟು ಅಡ್ವಾನ್ಸ್ ಕೊಟ್ಟಿದ್ದಾರೆ ಅಂತ ಅವರ ಬಾಯಿಂದಲೇ ಕೇಳು, ಕಾಗದ ನೋಡು.

---

ಸಪ್ತಾಪುರ ರೂಮ್ಸ್

ಅಕ್ಕಾರು ಹೇಳಿದ್ದು ಖರೇ. ನಾನು ಧಾರವಾಡದವನು. ಸಪ್ತಾಪುರದಲ್ಲಿ ನಮ್ಮ ಅಪ್ಪ ಕಟ್ಟಿಸಿದ 9 ರೂಮು ಇವೆ. ಕಾಂಪಿಟೇಟಿವ್ ಪರೀಕ್ಷೆಗೆ ಓದಲು ಬರುವ ಹುಡುಗರಿಗೆ ಕೊಡುತ್ತೇವೆ. ರಾಯಚೂರು, ಕೊಪ್ಪಳ, ಗದಗ, ಎಲ್ಲಾ ಕಡೆಯಿಂದ ಬರುತ್ತಾರೆ.

ಒಂದೇ ಮಾತು ಸೇರಿಸುತ್ತೇನೆ. ನೀವು ವರ್ಷಕ್ಕೆ 12 ತಿಂಗಳ ಬಾಡಿಗೆ ಲೆಕ್ಕ ಹಿಡಿದಿದ್ದೀರಿ. ಯಾವತ್ತೂ 12 ತಿಂಗಳು ಬರುವುದಿಲ್ಲ. ನಮ್ಮಲ್ಲಿ ನೇಮಕಾತಿ ಅರ್ಜಿ ಕರೆದರೆ ರೂಮು ತುಂಬುತ್ತವೆ, ಕರೆಯದಿದ್ದರೆ ಹುಡುಗರು ಊರಿಗೆ ಹೋಗುತ್ತಾರೆ. ಪಿಎಸ್‌ಐ ಪರೀಕ್ಷೆ ಅಕ್ರಮ ಹೊರಬಿದ್ದು 2022ರಲ್ಲಿ ಆ ಪರೀಕ್ಷೆ ರದ್ದಾದಾಗ ನಮ್ಮ 9 ರೂಮಿನಲ್ಲಿ 4 ಖಾಲಿ. ಎರಡು ವರ್ಷ ಕಷ್ಟಪಟ್ಟು ಓದಿದ ಹುಡುಗ ಪುಸ್ತಕ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುವುದನ್ನು ನೋಡಿದರೆ ಬಾಡಿಗೆ ಕೇಳುವ ಮನಸ್ಸೂ ಬರುವುದಿಲ್ಲರಿ.

ನಿಮ್ಮ ಸುಂಕದಕಟ್ಟೆ ಮನೆಗಳಿಗೆ ಯಾರು ಬರುತ್ತಾರೆ? ಪೀಣ್ಯದ ಕಾರ್ಮಿಕರು, ಗಾರ್ಮೆಂಟ್ಸಿನವರು. ಒಂದು ಫ್ಯಾಕ್ಟರಿ ಮುಚ್ಚಿದರೆ ಎರಡು ಮನೆ ಒಟ್ಟಿಗೆ ಖಾಲಿ ಆಗಬಹುದು. ನಾನು ವರ್ಷಕ್ಕೆ ಹತ್ತೂವರೆ ತಿಂಗಳ ಬಾಡಿಗೆ ಮಾತ್ರ ಹಿಡಿಯುತ್ತೇನೆ. ನಿಮ್ಮ ಲೆಕ್ಕವನ್ನೂ ಹಾಗೆ ಹಾಕಿ ನೋಡಿ.

---

ಅರಸೀಕೆರೆ ತೆಂಗು

ಎಲ್ಲರಿಗೂ ಕೈ ಮುಗಿಯುತ್ತೇನೆ. ಭಾನುವಾರ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೆ. ಬ್ರೋಕರಿಗೆ ಹೇಳಲಿಲ್ಲ.

ಮೊದಲನೇ ಮಹಡಿಯವರು 1 ಲಕ್ಷ ಅಡ್ವಾನ್ಸ್ ಕೊಟ್ಟಿದ್ದಾರೆ. ಎರಡನೇ ಮಹಡಿಯವರು 70,000. ಮೇಲಿನ ಶೀಟ್ ರೂಮಿನಲ್ಲಿ ಇಬ್ಬರು ಹುಡುಗರು, ಯಾದಗಿರಿ ಕಡೆಯವರು, 30,000. ಓನರ್ ಈ 2 ಲಕ್ಷದ ಸುದ್ದಿಯನ್ನೇ ಎತ್ತಿರಲಿಲ್ಲ.

ನೆಲಮಹಡಿಯಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದಾರೆ. ಮನೆ ಮಾರುತ್ತಿರುವ ವಿಷಯವೇ ಅವರಿಗೆ ಗೊತ್ತಿಲ್ಲ. ನಾವು ಹೇಳಿದ ಕೂಡಲೇ ಆ ಅಮ್ಮ ಒಳಗೆ ಹೋಗಿ ದೇವರ ಫೋಟೋ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಅದರಲ್ಲಿ ಭೋಗ್ಯದ ಪತ್ರ. ಮುಂದೆ ಟೈಪ್ ಮಾಡಿದ್ದು 8 ಲಕ್ಷ, ಸರಿ. ಹಾಳೆ ತಿರುಗಿಸಿದರೆ ಹಿಂದೆ ನೀಲಿ ಇಂಕಿನಲ್ಲಿ ಕೈಬರಹ. ಹೋದ ವರ್ಷ ಇನ್ನೂ ಒಂದೂವರೆ ಲಕ್ಷ ತಗೊಂಡು ಓನರ್ ಸಹಿ ಹಾಕಿದ್ದಾನೆ. ಅಂದರೆ ಒಂಬತ್ತೂವರೆ ಲಕ್ಷ. "ಇದು ನಮ್ಮ ಮಗನ ಇನ್ಶೂರೆನ್ಸ್ ದುಡ್ಡಪ್ಪಾ" ಅಂದರು. ಮಗ ಇಲ್ಲ. ಅದಕ್ಕಿಂತ ಜಾಸ್ತಿ ಕೇಳುವುದಕ್ಕೆ ನಮಗೆ ಬಾಯಿ ಬರಲಿಲ್ಲ. ಹೆಂಡತಿ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಒಟ್ಟು ಹನ್ನೊಂದೂವರೆ ಲಕ್ಷ ಆ ಕಟ್ಟಡದ ಮೇಲಿದೆ. ಶೀಟ್ ರೂಮಿಗೆ ಬೇರೆ ಮೀಟರ್ ಇಲ್ಲ, ಎರಡನೇ ಮಹಡಿಯಿಂದ ವೈರ್ ಎಳೆದಿದ್ದಾರೆ. ಮನೆ ತೆರಿಗೆಯೂ ಲೆಕ್ಕದ ಪುಸ್ತಕದವರು ಹೇಳಿದ ಹಾಗೇ, ಎಲ್ಲಾ ಸ್ವಂತ ವಾಸ ಅಂತ ಕಟ್ಟಿದ್ದಾರೆ.

ಬ್ರೋಕರಿಗೆ ಫೋನ್ ಮಾಡಿ ಕೇಳಿದೆ. 3 ಲಕ್ಷ ಬಿಡಿಸಿಕೊಡುತ್ತೇನೆ, ಇನ್ನೊಬ್ಬ ಪಾರ್ಟಿ ರೆಡಿ ಇದ್ದಾರೆ, ನಾಳೆಯೊಳಗೆ ಹೇಳಿ ಅಂದರು. ಈಗ ಏನು ಮಾಡಲಿ?

---

ಲೆಕ್ಕದ ಪುಸ್ತಕ

ಬಿಡಿಸಬೇಕಾದದ್ದು 3 ಲಕ್ಷ ಅಲ್ಲ, ಹನ್ನೊಂದೂವರೆ ಮತ್ತು ತೆರಿಗೆ ಬಾಕಿ. ಅಷ್ಟನ್ನೂ ಕ್ರಯಪತ್ರದಲ್ಲೇ ಬರೆಸಬೇಕು: ಯಾರ ಹೆಸರಿನಲ್ಲಿ ಎಷ್ಟು ಅಡ್ವಾನ್ಸ್, ಅದನ್ನು ವಾಪಸ್ ಕೊಡುವ ಹೊಣೆ ಯಾರದ್ದು ಅಂತ. ಸಾಲ ಕೇಳುವಾಗ ಭೋಗ್ಯದವರು ಇದ್ದಾರೆ ಅಂತ ಬ್ಯಾಂಕಿನ ವಕೀಲರಿಗೆ ಮುಚ್ಚಿಡಬೇಡಿ. ನಿಮ್ಮ ವಕೀಲರು ಬೇರೆ ಇರಲಿ, ಬ್ರೋಕರ್ ತೋರಿಸಿದವರು ಬೇಡ. ಇ-ಖಾತಾ, ಅಂದರೆ ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ, ಆಗಿದೆಯಾ ಅಂತಲೂ ಮೊದಲು ನೋಡಿ, ಅದಿಲ್ಲದೆ ಈಗ ರಿಜಿಸ್ಟರ್ ಆಗುವುದಿಲ್ಲ.

ಇಷ್ಟೆಲ್ಲಾ ಆದ ಮೇಲೂ ತಿಂಗಳಿಗೆ 30,000 ಕೈಯಿಂದ, 15,000 ನಿಮ್ಮ ಬಾಡಿಗೆ. ಉಳಿದ 55,000ದಲ್ಲಿ ಮಗಳ ಓದು, ಮನೆ ಖರ್ಚು, ಮೋಟಾರ್ ರಿಪೇರಿ, ಖಾಲಿ ಬಿದ್ದ ತಿಂಗಳು. ನನಗೆ ಭಯ ಆಗುತ್ತದೆ.

---

ಲಗ್ಗೆರೆ ಮೂರ್ಮನೆ

ನಾಳೆಯೊಳಗೆ ಅನ್ನುವವನಿಗೆ ಇಲ್ಲ ಅನ್ನು. ಇನ್ನೊಬ್ಬ ಪಾರ್ಟಿ ಇದ್ದರೆ ಅವರೇ ತಗೊಳ್ಳಲಿ.

ನಿನ್ನ ಹತ್ತಿರ 50 ಲಕ್ಷ ಇದೆ. ಅದು ತೆಂಗಿನ ತೋಟ ಕೊಟ್ಟು ತಂದ ದುಡ್ಡು. ನೀನು ನಾಲ್ಕು ಮನೆ ಬೇಕು ಅಂತ ಹೊರಟಿದ್ದೀಯ. ನನ್ನನ್ನು ಕೇಳಿದರೆ ನಿನಗೆ ಎರಡು ಮನೆ ಸಾಕು. ಕೆಳಗೆ ನೀವು, ಮೇಲೆ ಒಂದು ಬಾಡಿಗೆಗೆ. ನೆಲಮಂಗಲದ ಕಡೆಯೋ, ತಾವರೆಕೆರೆ ಕಡೆಯೋ, ಮಗಳ ಸ್ಕೂಲ್ ಮುಗಿಯುವ ಹೊತ್ತಿಗೆ ನೋಡು. ಸಾಲ 25 ಲಕ್ಷ ದಾಟದ ಹಾಗೆ ನೋಡಿಕೋ. ನೀನು ಈಗ ಕೊಡುವ 15,000 ಬಾಡಿಗೆ ಉಳಿಯಿತು, ಮೇಲಿನ ಮನೆಯಿಂದ ಒಂದಿಷ್ಟು ಬಂತು. ಮೇಲಿನ ಮನೆ ಎರಡು ತಿಂಗಳು ಖಾಲಿ ಇದ್ದರೂ ರಾತ್ರಿ ನಿದ್ದೆ ಬರುತ್ತದೆ.

ಅದೇ ಕಟ್ಟಡ ಮನಸ್ಸಿನಿಂದ ಹೋಗುವುದಿಲ್ಲ ಅಂತಾದರೆ ಓನರಿಗೆ ಒಂದೇ ಮಾತು ಹೇಳು. ಆ ವಯಸ್ಸಾದವರ ಒಂಬತ್ತೂವರೆ ಲಕ್ಷ ಮೊದಲು ಅವರ ಬ್ಯಾಂಕ್ ಅಕೌಂಟಿಗೆ ಹಾಕಿ, ಅವರಿಗೆ ಇನ್ನೊಂದು ಮನೆ ಸಿಗುವವರೆಗೆ ಬಾಡಿಗೆಗೆ ಇರಲಿ, ಆಮೇಲೆ ಬೆಲೆ ಮಾತಾಡೋಣ ಅನ್ನು. ಅದಕ್ಕೆ ಅವನು ಏನು ಹೇಳುತ್ತಾನೆ ನೋಡಿದರೆ ಉಳಿದದ್ದೂ ಗೊತ್ತಾಗುತ್ತದೆ.

ನೀನು ತಗೊಳ್ಳದಿದ್ದರೂ ಆ ಅಮ್ಮನ ಹತ್ತಿರ ಇನ್ನೊಂದು ಸಲ ಹೋಗಿ ಬಾ. ಆ ಪತ್ರದ ಎರಡೂ ಬದಿಯ ಜೆರಾಕ್ಸ್ ಮಾಡಿಸಿ ಕೊಡು. ಫೋನಿನಲ್ಲೂ ಫೋಟೋ ತೆಗೆದಿಟ್ಟುಕೊಳ್ಳಲು ಹೇಳು. ನೀಲಿ ಇಂಕು ಬೇಗ ಮಾಸುತ್ತದೆ.

---

ಅರಸೀಕೆರೆ ತೆಂಗು

ಬ್ರೋಕರಿಗೆ ಬೇಡ ಅಂದೆ. ಅಕ್ಕಾ, ಇವತ್ತು ಸೆಕೆಂಡ್ ಶಿಫ್ಟ್. ಬೆಳಿಗ್ಗೆಯೇ ಹೋಗಿ ಜೆರಾಕ್ಸ್ ಮಾಡಿಸಿ ಕೊಟ್ಟು ಬಂದೆ, ಮೂರು ಕಾಪಿ. ಲ್ಯಾಮಿನೇಷನ್ ಮಾಡಿಸಬೇಕಾ ಅಂತ ಆ ತಾತ ಕೇಳಿದರು. ಒರಿಜಿನಲ್‌ಗೆ ಮಾಡಿಸಬೇಡಿ, ಜೆರಾಕ್ಸ್‌ಗೆ ಮಾತ್ರ ಮಾಡಿಸಿ ಅಂದೆ.